ಕಾಯಂ ಜಾಗ

೭ ಜುಲೈ ೨೦೦೨, ರವಿವಾರ

ಇವತ್ತು ಪ್ರಭುವನ್ನು ದಿಬ್ಬದಿಂದ ಇಳಿಸಿದರು.

ಹೋದ ವರ್ಷವಿಡೀ ಶಾಲೆಯ ಬೇಸ್‌ಬಾಲ್ ತಂಡಕ್ಕೆ ಚೆಂಡು ಎಸೆದವನು ನನ್ನ ಮಗ. ಈ ಆಟದಲ್ಲಿ ಮೈದಾನದ ನಡುವೆ ಒಂದು ಮಣ್ಣಿನ ದಿಬ್ಬ ಇರುತ್ತದೆ. ಅದರ ಮೇಲೆ ನಿಂತ ಪಿಚರ್ ಚೆಂಡು ಎಸೆಯುವ ತನಕ ಯಾರೂ ಏನೂ ಮಾಡುವಂತಿಲ್ಲ. ಬ್ಯಾಟು ಹಿಡಿದವನು, ಅವನ ಹಿಂದೆ ಕುಕ್ಕರುಗಾಲಲ್ಲಿ ಕೂತ ಕ್ಯಾಚರ್, ದೂರದ ಹುಲ್ಲಿನಲ್ಲಿ ನಿಂತ ಹುಡುಗರು, ಬೇಲಿಗೆ ಒರಗಿದ ಅಪ್ಪಂದಿರು, ಎಲ್ಲರ ಕಣ್ಣೂ ಅವನ ಮೇಲೆ. ಒಂದು ವರ್ಷ ಆ ಕಣ್ಣುಗಳೆಲ್ಲ ನನ್ನ ಮಗನ ಮೇಲಿದ್ದವು.

ಹಳೆಯ ಕೋಚ್ ನಿವೃತ್ತರಾದರು. ಹೊಸಬರು ಪ್ರಲ್ಹಾದ ಸರ್. ಸೊಲ್ಲಾಪುರದ ಕಡೆಯವರು, ಮನೆಮಾತು ಕನ್ನಡ, ವಯಸ್ಸು ಇನ್ನೂ ಮೂವತ್ತು ತುಂಬಿರಲಿಕ್ಕಿಲ್ಲ. ಬಂದವರೇ, ಈ ವರ್ಷ ಯಾರಿಗೂ ಕಾಯಂ ಜಾಗ ಇಲ್ಲ, ವಾರವಾರ ಎಲ್ಲರೂ ಜಾಗ ಬದಲಿಸಬೇಕು ಎಂದರು. ಪ್ರಭುವನ್ನು ಹುಲ್ಲಿಗೆ ಕಳಿಸಿದರು. ದಿಬ್ಬದ ಮೇಲೆ ಮಲಕಪ್ಪನ ಮಗ ಸಾತ್ವಿಕ ಹತ್ತಿದ.

ಮಲಕಪ್ಪ ಗೋಕಾಕಿನವನು. ಪುಣೆಯ ಕ್ಯಾಂಪ್ ಪೇಟೆಯಲ್ಲಿ ಅವನದು ಶಾಲಾ ಯುನಿಫಾರ್ಮಿನ ಅಂಗಡಿ. ಅದೇ ರಸ್ತೆಯ ತುದಿಯ ವಿಮಾ ಕಚೇರಿಯಲ್ಲಿ ನಾನು ಗುಮಾಸ್ತ. ಇಬ್ಬರೂ ಹೆಚ್ಚೂಕಡಿಮೆ ಒಂದೇ ಕಾಲಕ್ಕೆ ಪುಣೆಗೆ ಬಂದವರು. ಅವನಿಗೆ ಎಲ್ಲವೂ ಸಲೀಸಾಗಿ ಬರುತ್ತದೆ: ದುಡ್ಡು, ನಗು, ಮರಾಠಿ. ನಾನು ಮರಾಠಿಯಲ್ಲಿ ಕೇಳಿದರೆ ತರಕಾರಿಯವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಅವನು ಕೇಳಿದರೆ ಕೊತ್ತಂಬರಿ ಪುಕ್ಕಟೆ ಹಾಕುತ್ತಾಳೆ.

"ನೋಡ್ರಿ ಸಿದ್ದಾರೂಢಪ್ಪ, ನಮ್ಮ ಹುಡುಗ ಎಲ್ಲಿ ಒಗೀತಾನೋ ಏನೋ," ಎಂದು ನಗುತ್ತಾ ನನ್ನ ಪಕ್ಕಕ್ಕೆ ಬಂದು ನಿಂತ. ಕೈಯಲ್ಲಿ ಇಡೀ ತಂಡಕ್ಕೆ ಸಾಲುವಷ್ಟು ಬಾಳೆಹಣ್ಣು. ಹುಡುಗ ಮೊದಲು ಎಲ್ಲೆಲ್ಲೋ ಎಸೆದ. ಆಮೇಲೆ ಒಂದು ಚೆಂಡು ಕ್ಯಾಚರ್‌ನ ಗವಸಿಗೆ ಬಿದ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಪ್ರಭುವಿನ ಚೆಂಡು ಹಾಗೆ ಸದ್ದು ಮಾಡಿದ್ದನ್ನು ನಾನು ಕೇಳಿಲ್ಲ. ಗವಸು ಹೊಸದಿರಬೇಕು.

೨೧ ಜುಲೈ, ರವಿವಾರ

ಜಿಟಿಜಿಟಿ ಮಳೆ. ಆದರೂ ಅಭ್ಯಾಸ ನಡೆಯಿತು. ಪ್ರಭು ಹುಲ್ಲಿನಲ್ಲಿ ಅಂಬಣ್ಣ ಎಂಬ ದಪ್ಪ ಹುಡುಗನ ಜೊತೆ ಏನೋ ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿದ್ದ. ಜಾಗ ಹೋದ ಮೇಲೆ ಹೀಗೆ ನಗಲು ಈ ಹುಡುಗನಿಗೆ ಹೇಗೆ ಮನಸ್ಸು ಬರುತ್ತದೋ. ಮನೆಗೆ ಬಂದು ತ್ರಿವೇಣಿಗೆ ಹೇಳಿದೆ. "ಅಂವಗ ಬ್ಯಾಸರ ಆಗಿಲ್ಲಂದ್ರ ನಿಮಗ್ಯಾಕ್ರಿ?" ಎಂದಳು. ಹೆಂಡತಿಯ ಹತ್ತಿರ ಇಂಥ ವಿಷಯ ಮಾತಾಡಬಾರದು.

೧೮ ಆಗಸ್ಟ್, ರವಿವಾರ

ದೇಹೂ ರೋಡಿನ ಮಿಲಿಟರಿ ಶಾಲೆಯವರ ಜೊತೆ ಸ್ನೇಹದ ಪಂದ್ಯ ಅಂತ ಆಡಿಸಿದರು. ಸ್ನೇಹ ಅವರ ಕಡೆಯಿಂದ ಏನೂ ಕಾಣಲಿಲ್ಲ. ಹಿಗ್ಗಾಮುಗ್ಗಾ ಸೋತೆವು. ನಮ್ಮ ಹುಡುಗರಿಗೆ ತಾವು ಎಲ್ಲಿ ನಿಂತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಅಂಬಣ್ಣನನ್ನು ಕ್ಯಾಚರ್ ಮಾಡಿದ್ದರು, ಅವನು ಕೂತರೆ ಏಳುವುದೇ ಕಷ್ಟ. ಪ್ರಭುವಿಗೆ ದಿಬ್ಬ ಸಿಕ್ಕಿದ್ದು ಆಟ ಮುಗಿಯುತ್ತಾ ಬಂದಾಗ, ಸ್ವಲ್ಪ ಹೊತ್ತು ಮಾತ್ರ. ಅಷ್ಟರಲ್ಲೇ ಆ ಸೈನ್ಯದ ಮಕ್ಕಳು ಅವನ ಚೆಂಡನ್ನು ಬೇಲಿಯಾಚೆ ಹೊಡೆದರು. ಅಭ್ಯಾಸ ತಪ್ಪಿದರೆ ಇನ್ನೇನಾಗುತ್ತದೆ.

ಬರುವಾಗ ಬಸ್ಸಿನಲ್ಲಿ ಉಳಿದ ಅಪ್ಪಂದಿರ ಜೊತೆ ಮಾತಾಡಿದೆ. ಯಾರ ಕೆಲಸ ಏನೆಂದು ಅವರಿಗೆ ಗೊತ್ತಿರಬೇಕು, ದಿನಾ ಅದನ್ನೇ ಮಾಡಬೇಕು, ಆಗ ಕೈ ಕುದುರುತ್ತದೆ ಎಂದೆ. ಎಲ್ಲರೂ ಹೌದೆಂದರು. ಮುಖ್ಯೋಪಾಧ್ಯಾಯಿನಿಯ ಹತ್ತಿರ ಹೋಗೋಣ ಎಂದಾಗಲೂ ಒಪ್ಪಿದರು. ಮಲಕಪ್ಪ ಮಾತ್ರ ಕಿಟಕಿಯ ಹತ್ತಿರ ಕೂತು ಹುಡುಗರ ಜೊತೆ ಅಂತ್ಯಾಕ್ಷರಿ ಹಾಡುತ್ತಿದ್ದ. ಸೋತ ದಿನ.

೨೪ ಆಗಸ್ಟ್, ಶನಿವಾರ

ಗೆದ್ದೆ. ಮುಖ್ಯೋಪಾಧ್ಯಾಯಿನಿ ನಮ್ಮ ಮಾತು ಕೇಳಿದರು. ಇನ್ನು ಮುಂದೆ ಕಾಯಂ ಜಾಗ.

ಮಲಕಪ್ಪನೊಬ್ಬನೇ ಅಡ್ಡ ಮಾತಾಡಿದ. "ಸಣ್ಣ ಹುಡುಗ್ರು ಅದಾವ್ರಿ ಮೇಡಮ್, ಎಲ್ಲಾರೂ ಎಲ್ಲಾ ಕಲೀಲಿ ಬಿಡ್ರಿ," ಎಂದು ಮೊದಲು ಕನ್ನಡದಲ್ಲಿ ಅಂದು, ನಾಲಿಗೆ ಕಚ್ಚಿಕೊಂಡು, ಮರಾಠಿಯಲ್ಲಿ ಮತ್ತೆ ಹೇಳಿದ. ಎಲ್ಲರೂ ನಕ್ಕರು. ಉದಾರವಾಗಿರುವುದು ಅವನಿಗೆ ಸುಲಭ. ಎಲ್ಲಿ ನಿಲ್ಲಿಸಿದರೂ ಅವನ ಮಗ ಚೆನ್ನಾಗಿಯೇ ಆಡುತ್ತಾನೆ.

ಹೊರಗೆ ಬಂದಾಗ ಪ್ರಲ್ಹಾದ ಸರ್ ನನ್ನನ್ನು ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿದರು. ಸಿಟ್ಟು ಮಾಡಲಿಲ್ಲ. "ನಾ ಸುಮ್ನ ಜಾಗಾ ಬದ್ಲಿ ಮಾಡ್ತಿರ್ಲಿಲ್ರಿ. ಈ ವಯಸ್ಸಿನಾಗ ಒಬ್ಬನ ಕೈ ಮ್ಯಾಲೇ ಎಲ್ಲಾ ಭಾರ ಬೀಳಬಾರ್ದು. ಅದಕ್ಕ ಹಂಚತಿದ್ದೆ," ಎಂದರು. ನಾನು ಹೂಂ ಎಂದೆ. ಅಧಿಕಾರ ಕೈತಪ್ಪಿದವರು ಕೊನೆಗೆ ಏನಾದರೊಂದು ಕಾರಣ ಹೇಳುತ್ತಾರೆ.

ದಾರಿಯಲ್ಲಿ ಪ್ರಭುವಿಗೆ ಶ್ರೂಸ್‌ಬರಿ ಬಿಸ್ಕೀಟು ತಂದೆ.

೧ ಸೆಪ್ಟೆಂಬರ್, ರವಿವಾರ

ಪಿಚರ್: ಸಾತ್ವಿಕ. ಕ್ಯಾಚರ್: ಪ್ರಭು.

ಊಟ ಸೇರಲಿಲ್ಲ.

೩ ಸೆಪ್ಟೆಂಬರ್, ಮಂಗಳವಾರ

ಮೊನ್ನೆ ಬರೆಯುವ ಮನಸ್ಸಿರಲಿಲ್ಲ. ಕಾಯಂ ಜಾಗ ಬೇಕು ಎಂದು ಕೂಗಿದವನು ನಾನು. ಕಾಯಂ ಆದದ್ದು ಅವನ ಮಗ. ತ್ರಿವೇಣಿ ಸುದ್ದಿ ಕೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಓಡಿದಳು. ಒಗ್ಗರಣೆಯ ಸದ್ದಿನಲ್ಲೂ ನಗು ಕೇಳಿಸಿತು.

ಕ್ಯಾಚರ್ ಅಂದರೆ ಏನು? ಮುಖಕ್ಕೆ ಕಬ್ಬಿಣದ ಜಾಲರಿ, ಎದೆಗೆ ದಿಂಬು, ಮೊಣಕಾಲಿಗೆ ಕವಚ. ಯಾರ ಮಗನೆಂದು ಗುರುತು ಕೂಡ ಸಿಗುವುದಿಲ್ಲ. ಇನ್ನೊಬ್ಬ ಎಸೆದದ್ದನ್ನು ಹಿಡಿದು ಹಿಡಿದು ಅವನಿಗೇ ಮರಳಿ ಕೊಡುವ ಕೆಲಸ. ಪ್ರಭು ಮಾತ್ರ ಆ ಕವಚ ತೊಟ್ಟು ಮನೆತುಂಬ ಓಡಾಡುತ್ತಿದ್ದಾನೆ. "ಅಪ್ಪಾ, ಕ್ಯಾಚರ್ ಬಟ್ಟಿಲೆ ಸನ್ನಿ ಮಾಡಿದ್ರನ ಪಿಚರ್ ಒಗೀಬೇಕು, ಗೊತ್ತೇನು?" ಎನ್ನುತ್ತಾನೆ. ಗೊತ್ತಿಲ್ಲದೆ ಏನು.

೨೩ ಸೆಪ್ಟೆಂಬರ್, ಸೋಮವಾರ

ಮೊನ್ನೆ ಗಣಪತಿ ಕಳಿಸಿ ಊರೆಲ್ಲ ಬಳಲಿ ಮಲಗಿದ್ದರೆ ನಿನ್ನೆ ನಮ್ಮವರು ಮತ್ತೊಂದು ಪಂದ್ಯ ಗೆದ್ದರು. ಈ ತಿಂಗಳು ಸೋತದ್ದೇ ಇಲ್ಲ. ಮರಾಠಿ ಪತ್ರಿಕೆಯಲ್ಲಿ ಚಿತ್ರ ಬಂದಿದೆ: ಸಾತ್ವಿಕ ಒಂದು ಕಾಲೆತ್ತಿ, ಕೈ ಹಿಂದಕ್ಕೆ ಸೆಳೆದು ನಿಂತಿದ್ದಾನೆ. ಮೂಲೆಯಲ್ಲಿ ಪ್ರಭುವಿನ ಬೆನ್ನು.

ಮಲಕಪ್ಪ ನಮ್ಮ ಕಚೇರಿಗೇ ಬಂದು ಪೇಢೆ ಹಂಚಿದ. "ಇದರಾಗ ಅರ್ಧಾ ಪೇಢೆ ನಿಮ್ಮ ಪ್ರಭೂಂದ್ರಿ. ಅಂವ ಹಿಡೀಲಿಲ್ಲಂದ್ರ ನಮ್ಮಂವ ಒಗದೇನು ಉಪಯೋಗ?" ಎಂದ. ಸಹೋದ್ಯೋಗಿಗಳೆಲ್ಲ ಎಂಥ ದೊಡ್ಡ ಮನಸ್ಸು ಎಂದರು. ನಾನು ಒಂದು ಪೇಢೆ ತಿಂದೆ. ಸಕ್ಕರೆ ಜಾಸ್ತಿಯಾಗಿತ್ತು.

೧೩ ಅಕ್ಟೋಬರ್, ರವಿವಾರ

ಈಗ ನಾನು ಪಂದ್ಯ ನೋಡುವಾಗ ಸಾತ್ವಿಕನನ್ನೇ ನೋಡುತ್ತೇನೆ. ತಪ್ಪು ಎಲ್ಲಿದೆ ಎಂದು ಹುಡುಕಿದರೆ ಸಿಕ್ಕೇ ಸಿಗುತ್ತದೆ.

ಅವನು ಎಸೆಯುವ ಮೊದಲು ಕೆಳತುಟಿ ಕಚ್ಚುತ್ತಾನೆ. ಎಡಗಾಲಿನ ಬೂಟಿನ ಮೂತಿಯಿಂದ ಮಣ್ಣು ಕೆರೆಯುತ್ತಾನೆ. ಗೆಲ್ಲುತ್ತಿರುವಾಗ ಅಪ್ಪನ ಕಡೆ ನೋಡುವುದಿಲ್ಲ, ಸೋಲುತ್ತಿರುವಾಗ ಮಾತ್ರ ನೋಡುತ್ತಾನೆ. ಈಚೆಗೆ ಒಂದು ಹೊಸ ಚಾಳಿ: ಚೆಂಡು ಎಸೆದಾದ ಮೇಲೆ ಬಲಗೈಯನ್ನು ಕೊಡವುತ್ತಾನೆ, ನೀರು ಝಾಡಿಸಿದ ಹಾಗೆ. ವಿರಾಮದಲ್ಲಿ ಆ ಕೈಯನ್ನು ಎಡಕಂಕುಳಲ್ಲಿ ಸಿಕ್ಕಿಸಿಕೊಂಡು ಕೂರುತ್ತಾನೆ. ಟೊಪ್ಪಿಗೆಯನ್ನು ಎಡಗೈಯಿಂದಲೇ ಸರಿಮಾಡಿಕೊಳ್ಳುತ್ತಾನೆ. ಪತ್ರಿಕೆಯಲ್ಲಿ ಚಿತ್ರ ಬಂದರೆ ಹೀಗೇ, ನಡೆನುಡಿಯಲ್ಲಿ ಠೀವಿ ಬರುತ್ತದೆ.

ಪ್ರಭು ಇವತ್ತು ಹೇಗೆ ಆಡಿದ ಎಂದು ತ್ರಿವೇಣಿ ಕೇಳಿದಳು. ಚೆನ್ನಾಗಿ ಆಡಿದ ಎಂದೆ. ಚೆನ್ನಾಗಿಯೇ ಆಡಿರಬೇಕು.

೬ ನವೆಂಬರ್, ಬುಧವಾರ

ದೀಪಾವಳಿಯ ಫರಾಳದ ತಿಂಡಿಗೆ ಮಲಕಪ್ಪ ಮನೆಗೆ ಕರೆದಿದ್ದ. ಹೊಸ ಸೋಫಾ. ಹೊಸ ಟಿವಿ. ಚಕ್ಕಲಿ ಮಾತ್ರ ತ್ರಿವೇಣಿಯದರಷ್ಟು ಗರಿಯಾಗಿರಲಿಲ್ಲ.

ಸಾತ್ವಿಕನ ಅಮ್ಮ ಮೇಲಿನ ಹಲಗೆಯಲ್ಲಿದ್ದ ಉಂಡೆಯ ಡಬ್ಬಿ ಇಳಿಸಲು ಅವನಿಗೆ ಹೇಳಿದಳು. ಹುಡುಗ ಈ ವರ್ಷ ಬಾಗಿಲೆತ್ತರ ಬೆಳೆದಿದ್ದಾನೆ, ಅವನಿಗೆ ಅದೇನು ಕೆಲಸ. ಆದರೆ ಅವನು ತಂಗಿ ಶಿವಾನಿಗೆ, "ನೀ ಕುರ್ಚಿ ಹತ್ತಿ ತಗೀ," ಎಂದ. ಸೋಮಾರಿ ಅಂತ ಎಲ್ಲರೂ ನಕ್ಕರು. ನಾನು ಅವನ ತಟ್ಟೆ ನೋಡುತ್ತಿದ್ದೆ. ಚಿವಡಾವನ್ನು ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದ. ಬಲಗೈ ತೊಡೆಯ ಮೇಲೆ, ಮೊಣಕೈ ಅರ್ಧ ಮಡಚಿದ್ದು ಹಾಗೇ ಇತ್ತು. ನೆಟ್ಟಗಾಗಲೇ ಇಲ್ಲ.

ಅಂದರೆ ಅದು ಠೀವಿಯಲ್ಲ. ಹುಡುಗನಿಗೆ ನೋವಿದೆ.

ತಿಳಿದ ಆ ಕ್ಷಣ ನನಗೆ ಖುಷಿಯಾಯಿತು. ಎದೆಯಲ್ಲಿ ಏನೋ ಹಗುರಾಯಿತು. ಯಾರೂ ಓದುವುದಿಲ್ಲವಲ್ಲ, ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ. ಶಾಲೆಗಳ ಟೂರ್ನಿಯ ಫೈನಲ್ ಇದೇ ತಿಂಗಳು, ಜಿಲ್ಲಾ ತಂಡಕ್ಕೆ ಆರಿಸುವವರೂ ಬರುತ್ತಾರೆ. ಅವನಿಗೆ ಆಗದಿದ್ದರೆ ದಿಬ್ಬಕ್ಕೆ ಇನ್ನು ಯಾರು? ಪ್ರಭು.

೭ ನವೆಂಬರ್, ಗುರುವಾರ

ಕಚೇರಿಯಲ್ಲಿ ಎರಡು ಸಲ ಒಂದೇ ಕಡತಕ್ಕೆ ಮೊಹರು ಹೊಡೆದೆ. ಸಾತ್ವಿಕನ ಅವ್ವನಿಗೆ ಕಾಣಿಸುವುದಿಲ್ಲವೇ? ದಿನಾ ಊಟಕ್ಕೆ ಹಾಕುವವಳು.

೧೦ ನವೆಂಬರ್, ರವಿವಾರ

ಅಭ್ಯಾಸ ಮುಗಿಸಿ ಬರುವಾಗ ಪ್ರಭುವನ್ನು ಕೇಳಿದೆ, ಸಾತ್ವಿಕನ ಚೆಂಡು ಈಗ ಹೇಗೆ ಬರುತ್ತದೆ ಎಂದು. ಅವನು ಸ್ಕೂಟರಿನ ಹಿಂದೆ ಕೂತಿದ್ದ. ಮನೆಯ ಹತ್ತಿರ ಬಂದಾಗ ನನ್ನ ಅಂಗಿಯ ಬೆನ್ನು ಒದ್ದೆಯಾಗಿತ್ತು. ಅಳುತ್ತಿದ್ದ.

"ಆಣೆ ಹಾಕ್ಸ್ಯಾನಪ್ಪ. ಯಾರಿಗೂ ಹೇಳಂಗಿಲ್ಲ."

"ನಾ ಯಾರಿಗೂ ಹೇಳೂದಿಲ್ಲ."

"ಮೊದ್ಲ ಅವನ ಚೆಂಡ ಬಂದ್ರ ಗವಸಿನಾಗೂ ಅಂಗೈ ಉರೀತಿತ್ತು. ಈಗ ಉರಿಯೂದಿಲ್ಲ. ಒಗದಾಗೊಮ್ಮೆ ಕಣ್ಣು ಮುಚ್ಚತಾನ. ಅಂವ ದಿಬ್ಬದ ಮ್ಯಾಲಿದ್ದಾಗ ನಾ ಅಷ್ಟ ಅವನ ಎದುರಿಗೆ ಇರತೀನಿ. ನನಗಷ್ಟ ಕಾಣತದ."

ನಾನು ಅವನಿಗೆ, ಫೈನಲಿನಲ್ಲಿ ನೀನೇ ಎಸೆಯಬೇಕಾಗಬಹುದು, ತಯಾರಿರು ಎಂದು ಹೇಳಬೇಕೆಂದಿದ್ದೆ. ಹೇಳಲಿಲ್ಲ.

೧೪ ನವೆಂಬರ್, ಗುರುವಾರ

ಬೇಕಿತ್ತೇ ನನಗೆ ಈ ಉಸಾಬರಿ.

ಮೊದಲು ಪ್ರಲ್ಹಾದ ಸರ್ ಹತ್ತಿರ ಹೋದೆ. ಕೇಳಿಸಿಕೊಂಡರು. "ನಾ ಕೇಳಿನ್ರಿ ಅಂವಗ. ಏನಿಲ್ಲಂತಾನ. ಅವರಪ್ಪನೂ ಏನಿಲ್ಲಂತಾರ. ಕಾಯಂ ಜಾಗಾ ಬೇಕಂದವ್ರು ನೀವ. ಈಗ ಫೈನಲ್ ಹತ್ರ ಬಂದಾಗ ತಗೀರಿ ಅಂದ್ರ, ಮಂದಿ ಏನಂತಾರ ಹೇಳ್ರಿ," ಎಂದರು. ಮಂದಿ ಎಂದರೆ ಅವರೇ ಎಂದು ಅವರ ಮುಖದಲ್ಲಿತ್ತು.

ಆಮೇಲೆ ಅಂಗಡಿಗೆ ಹೋದೆ. ಮಲಕಪ್ಪ ಯಾರೋ ಹುಡುಗಿಯ ಪಿನಾಫೋರಿನ ಅಳತೆ ನೋಡುತ್ತಿದ್ದ. ಅವಳು ಹೋಗುವ ತನಕ ಕಾದು, ನಿಮ್ಮ ಮಗನ ಮೊಣಕೈಗೆ ಪೆಟ್ಟಾಗಿದೆ, ಡಾಕ್ಟರಿಗೆ ತೋರಿಸಿ ಎಂದೆ. ಅವನ ನಗು ಮೊದಲ ಸಲ ನಿಂತದ್ದು ನೋಡಿದೆ.

"ಯಾರು ಹೇಳಿದ್ರು?"

"ನಾನ ನೋಡೀನಿ."

"ನೀವು ಜುಲೈದಿಂದ ಏನು ನೋಡಾಕತ್ತೀರಿ ಅಂತ ನನಗ ಗೊತ್ತದರಿ ಸಿದ್ದಾರೂಢಪ್ಪ." ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಮೆಲ್ಲಗೆ ಹೇಳಿದ. "ನಿಮ್ಮ ಮಗ ಪಿಚಿಂಗ್ ಮಾಡಬೇಕಂದ್ರ ನೇರ ಕೇಳ್ರಿ, ನಾನ ಸರ್‌ಗೆ ಹೇಳತೀನಿ. ನನ್ನ ಮಗಗ ಇಲ್ಲದ ಜಡ್ಡು ಹಚ್ಚಬ್ಯಾಡ್ರಿ."

ಬಂದುಬಿಟ್ಟೆ. ಅವನ ಮಗ, ಅವನ ಕೈ. ಮುರಿದರೆ ಮುರಿಯಲಿ.

೧೯ ನವೆಂಬರ್, ಮಂಗಳವಾರ

ಬರೆಯುವಂಥದ್ದು ಏನೂ ಇಲ್ಲ. ಸಂಜೆ ಮೈದಾನದ ಮೇಲಿಂದ ಹಾದುಬಂದೆ. ಇನ್ನೂ ಎಸೆಯುತ್ತಿದ್ದಾನೆ.

೨೫ ನವೆಂಬರ್, ಸೋಮವಾರ

ನಿನ್ನೆ ನಡೆದದ್ದನ್ನು ಇವತ್ತು ರಜೆ ಹಾಕಿ ಬರೆಯುತ್ತಿದ್ದೇನೆ.

ಫೈನಲ್ ದೇಹೂ ರೋಡಿನಲ್ಲಿ. ಚಳಿ ಇತ್ತು, ಹುಡುಗರೆಲ್ಲ ಸ್ವೆಟರ್ ಹಾಕಿಕೊಂಡೇ ಕೈ ಬಿಸಿ ಮಾಡಿಕೊಳ್ಳುತ್ತಿದ್ದರು. ನಾನು ನೋಡುವುದಿಲ್ಲ ಎಂದು ನಿಶ್ಚಯಿಸಿ ಚಹಾ ಅಂಗಡಿಯ ಹತ್ತಿರ ನಿಂತಿದ್ದೆ. ಆದರೂ ಕಣ್ಣು ಹೋಯಿತು. ಸಾತ್ವಿಕ ಒಂದು ಚೆಂಡು ಎಸೆದ. ಆಮೇಲೆ ತಂಡದವರಿಗೆ ಬೆನ್ನು ಮಾಡಿ ನಿಂತ. ಹಾಗೇ ನಿಂತೇ ಇದ್ದ. ಅವನ ಭುಜ ಅಲುಗುತ್ತಿತ್ತು.

ಕೈಯಲ್ಲಿದ್ದ ಚಹಾ ಎಲ್ಲಿಟ್ಟೆನೋ ನೆನಪಿಲ್ಲ. ಮಲಕಪ್ಪ ಬೇಲಿಯ ಹತ್ತಿರ ಪ್ರಲ್ಹಾದ ಸರ್ ಜೊತೆ ಮಾತಾಡುತ್ತಿದ್ದ. ನನ್ನನ್ನು ಕಂಡು ಮುಖ ತಿರುಗಿಸಿದ.

"ಪ್ರಭು ಪಿಚಿಂಗ್ ಮಾಡೂದಿಲ್ಲ," ಎಂದೆ. ಉಸಿರು ಹತ್ತಿತ್ತು. "ಸರ್, ನೀವು ಕೇಳ್ರಿ. ನನ್ನ ಮಗಗ ಚೆಂಡ ಕೊಡಬ್ಯಾಡ್ರಿ, ಇವತ್ತೂ ಬ್ಯಾಡ, ಈ ವರ್ಷ ಬ್ಯಾಡ. ಬೇಕಾದ್ರ ಅವನ್ನ ಈಗ ಮನೀಗೆ ಕರಕೊಂಡು ಹೋಗತೀನಿ. ಅಂಬಣ್ಣಗ ಕೊಡ್ರಿ. ಮಲಕಪ್ಪ, ಈಗ ನನಗ ಇದರಾಗ ಏನೂ ಸಿಗೂದಿಲ್ಲ. ಒಮ್ಮೆ ಆ ಹುಡುಗನ್ನ ಕರದು ಕೈ ಮ್ಯಾಲೆ ಎತ್ತು ಅನ್ರಿ. ಅಷ್ಟ."

ಮಲಕಪ್ಪ ನನ್ನನ್ನೇ ನೋಡಿದ. ಆಮೇಲೆ ಮಗನನ್ನು ಕರೆದ.

ಹುಡುಗ ನಗುನಗುತ್ತಾ ಬಂದ. ಎತ್ತು ಎಂದರೆ ಎಡಗೈ ಎತ್ತಿದ. ಬಲಗೈ ಎಂದಾಗ ನಗು ಹಾಗೇ ಉಳಿದು ಕಣ್ಣು ತುಂಬಿ ಬಂತು. ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಮಲಕಪ್ಪ ಸ್ವೆಟರಿನ ತೋಳು ಮೇಲೆ ಸರಿಸಿದ. ಮೊಣಕೈ ಊದಿ ಮಿರಮಿರ ಮಿಂಚುತ್ತಿತ್ತು. ಮಲಕಪ್ಪ ಅದನ್ನು ಮೆಲ್ಲಗೆ ನೆಟ್ಟಗೆ ಮಾಡಲು ಹೋದ. ಹುಡುಗನ ಬಾಯಿಂದ ಬಂದದ್ದು ಕೂಗೂ ಅಲ್ಲ, ನಾಯಿಮರಿಯ ಹಾಗೆ ಒಂದು ಸಣ್ಣ ಸದ್ದು.

"ಯಾಕ ಹೇಳಲಿಲ್ಲೋ?"

"ನನ್ನ ಜಾಗಾ ಕಾಯಂ ಆಗೇದಲ್ಲ," ಎಂದ ಹುಡುಗ. "ನಾ ಬಿಟ್ರ ಎಲ್ಲಾರೂ ಸೋಲತಾರಲ್ಲ."

ಪ್ರಲ್ಹಾದ ಸರ್ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ತಡೆಯಲಾಗುತ್ತಿರಲಿಲ್ಲ.

ಅಂಬಣ್ಣ ಎಸೆದ. ಪ್ರಭು ಹಿಡಿದ. ಸೋತರಂತೆ, ಭಾಳ ಕೆಟ್ಟದಾಗಿ. ನಾನು ಅಲ್ಲಿರಲಿಲ್ಲ. ರಿಕ್ಷಾದಲ್ಲಿ ಮಲಕಪ್ಪನ ಜೊತೆ ಹುಡುಗನನ್ನು ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿದ್ದೆ. ರಸ್ತೆಯ ಗುಂಡಿ ಬಂದಾಗಲೆಲ್ಲ ನಾನೂ ಮಲಕಪ್ಪನೂ ಒಟ್ಟಿಗೇ ಆ ಕೈಯ ಕೆಳಗೆ ಕೈ ಕೊಡುತ್ತಿದ್ದೆವು. ಎಲುಬು ಬೆಳೆಯುವ ಜಾಗದಲ್ಲೇ ಏಟಾಗಿದೆ, ಒಂದೇ ಕೈಯಿಂದ ಅತಿಯಾಗಿ ಎಸೆದದ್ದೇ ಕಾರಣ ಎಂದರು ಡಾಕ್ಟರು. ಮೂರು ತಿಂಗಳು ಚೆಂಡು ಮುಟ್ಟುವಂತಿಲ್ಲ. ಫೈನಲಿನಲ್ಲೂ ಎಸೆದಿದ್ದರೆ ಚೂರು ಕಳಚಿ ಬರುತ್ತಿತ್ತು, ಆಮೇಲೆ ಆ ಕೈ ಎಂದೂ ನೆಟ್ಟಗಾಗುತ್ತಿರಲಿಲ್ಲವಂತೆ.

ಮನೆಗೆ ಬಂದಾಗ ಪ್ರಭು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. "ಅವ ತಿಳಕೊಂಡಾನ ನಾನ ಹೇಳೀನಂತ. ನೀ ಯಾರಿಗೂ ಹೇಳೂದಿಲ್ಲ ಅಂದಿದ್ದಿ," ಎಂದ. ನಿಜ. ಅಂದಿದ್ದೆ.

೧೫ ಡಿಸೆಂಬರ್, ರವಿವಾರ

ಹುಡುಗರಿಬ್ಬರೂ ಮೂರು ವಾರದಿಂದ ಮಾತಾಡಿಲ್ಲ. ಶಾಲೆಯಲ್ಲಿ ಬೇರೆ ಬೇರೆ ಬೆಂಚು. ಇವತ್ತು ಮಲಕಪ್ಪ ಅಂಗಡಿಯಲ್ಲಿರುವ ಹೊತ್ತು ನೋಡಿಕೊಂಡು ಅವನ ಮನೆಗೆ ಹೋದೆ. ಸಾತ್ವಿಕ ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಎಡಗೈಯಲ್ಲಿ ಗಣಿತ ಬರೆಯುತ್ತಿದ್ದ. ಅಕ್ಷರ ಪರವಾಗಿಲ್ಲ, ಪ್ರಭುವಿನ ಬಲಗೈ ಅಕ್ಷರಕ್ಕಿಂತ ಚೆನ್ನಾಗಿದೆ.

"ಪ್ರಭು ಹೇಳೂಕಿಂತ ಮೊದ್ಲ ನನಗ ಗೊತ್ತಿತ್ತಪಾ," ಎಂದೆ. "ದೀಪಾವಳಿಗೆ ನೀ ಡಬ್ಬಿ ಇಳಿಸಲಿಲ್ಲ. ಅದಕ್ಕೂ ಮೊದ್ಲ ಕೈ ಝಾಡಸ್ತಿದ್ದಿ. ನಾ ನಿನ್ನ ಭಾಳ ದಿನದಿಂದ ನೋಡಾಕತ್ತೀನಿ."

"ಯಾಕ ಕಾಕಾ?"

ಅವನ ಗಣಿತದ ಪುಟ ತಿರುವಿ ನೋಡಿದೆ. "ನೀ ಛಲೋ ಒಗೀತಿ," ಎಂದೆ ಕೊನೆಗೆ. "ಅಂಥಾ ಸದ್ದು ನಾ ಎಲ್ಲೂ ಕೇಳಿಲ್ಲ."

ಹುಡುಗ ನಾಚಿ ಪೆನ್ನಿನ ತುದಿ ಕಚ್ಚಿದ. ಅಷ್ಟರಲ್ಲಿ ಮಲಕಪ್ಪ ಊಟಕ್ಕೆ ಬಂದ. ನನ್ನನ್ನು ಕಂಡು ಬಾಗಿಲಲ್ಲೇ ನಿಂತ. ಚಪ್ಪಲಿ ಬಿಟ್ಟು ಒಳಗೆ ಹೋಗಿ, "ಎರಡು ತಾಟು ಹಚ್ಚು," ಎಂದು ಹೆಂಡತಿಗೆ ಹೇಳಿದ. ರೊಟ್ಟಿ, ಎಣಗಾಯಿ ಪಲ್ಲೆ. ಮಳೆಬೆಳೆ, ಪೆಟ್ರೋಲು, ಗೋಕಾಕದ ಕರದಂಟು, ಏನೇನೋ ಮಾತಾಡಿದೆವು. ಆ ವಿಷಯ ಇಬ್ಬರೂ ಎತ್ತಲಿಲ್ಲ.

ಸಂಜೆ ಫೋನು ಬಂತು. ಪ್ರಭು ಬಹಳ ಹೊತ್ತು ಮಾತಾಡಿದ.

೧೨ ಜನವರಿ ೨೦೦೩, ರವಿವಾರ

ಪ್ರಲ್ಹಾದ ಸರ್ ಮತ್ತೆ ವಾರವಾರ ಜಾಗ ಬದಲಿಸುತ್ತಿದ್ದಾರೆ. ಯಾವ ಅಪ್ಪನೂ ತುಟಿ ಬಿಚ್ಚಿಲ್ಲ.

ಪ್ರಭುವಿಗೆ ಜ್ವರ, ಹೋಗಿರಲಿಲ್ಲ. ನಾನು ಚೀಲ ಹಿಡಿದು ಹೊರಟಾಗ, "ಮಗ ಮಲಗ್ಯಾನ, ನೀವೆಲ್ಲಿಗೆ ಹೊಂಟ್ರಿ?" ಎಂದಳು ತ್ರಿವೇಣಿ. ತರಕಾರಿಗೆ ಎಂದೆ. ಮೈದಾನಕ್ಕೆ ಹೋದರೆ ಸಾತ್ವಿಕ ಬೇಲಿಯೊಳಗೆ ಬೆಂಚಿನ ಮೇಲೆ ಕೂತು ಪ್ರಲ್ಹಾದ ಸರ್ ಜೊತೆ ಹರಟುತ್ತಿದ್ದ. ಮೊಣಕೈ ಎಷ್ಟು ನೆಟ್ಟಗಾಗಿದೆ ಎಂದು ಅವರಿಗೆ ಚಾಚಿ ತೋರಿಸುತ್ತಿದ್ದ. ನನಗೂ ತೋರಿಸಬಹುದಿತ್ತು. ಬೇಲಿಯ ಹತ್ತಿರವೇ ನಿಂತಿದ್ದೆ. ಕೋಚ್ ಆದವರು ಆಡುವ ಹುಡುಗರ ಕಡೆ ಗಮನ ಕೊಡಬೇಕು, ಬೆಂಚಿನ ಮೇಲೆ ಕೂತವನನ್ನೇ ಮಾತಾಡಿಸುತ್ತಿದ್ದರೆ ಹೇಗೆ.

೨ ಮಾರ್ಚ್, ರವಿವಾರ

ಡಾಕ್ಟರು ಒಪ್ಪಿಗೆ ಕೊಟ್ಟಿದ್ದಾರೆ. ಸಾತ್ವಿಕ ಇವತ್ತು ಚೆಂಡು ಹಿಡಿದ.

ಆ ಕಡೆ ಮೈದಾನದಲ್ಲಿ ಕಂಟೋನ್ಮೆಂಟಿನ ಶಾಲೆಯವರ ಜೊತೆ ಪಂದ್ಯ ನಡೆಯುತ್ತಿತ್ತು. ಈ ಕಡೆ, ಹುಣಸೆಮರದ ಹಿಂದೆ, ಮಲಕಪ್ಪ ದೊಡ್ಡ ಗವಸು ತೊಟ್ಟು ನಾಲ್ಕು ಮಾರು ದೂರ ನಿಂತ. ನಾನು ಪಕ್ಕದಲ್ಲಿ ನಿಂತೆ. ಹುಡುಗ ಮೊದಲು ಕೆಳಗಿನಿಂದ ಎಸೆದ, ಮಗುವಿಗೆ ಎಸೆದ ಹಾಗೆ. ಆಮೇಲೆ ಮೇಲಿನಿಂದ. ನಾನು ಅವನ ಮುಖ ನೋಡಲಿಲ್ಲ, ಮೊಣಕೈ ನೋಡಿದೆ. ಚೆಂಡು ಬಿಟ್ಟ ಮೇಲೆ ಕೈ ಪೂರ್ತಿ ಬಿಚ್ಚಿಕೊಂಡಿತು. ಕೊಡವಲಿಲ್ಲ. ಮತ್ತೊಮ್ಮೆ ಎಸೆ ಎಂದೆ. ಕೊಡವಲಿಲ್ಲ. ಕಣ್ಣು ಮುಚ್ಚಿದೆಯೇನೋ ಎಂದು ಕೇಳಿದೆ. ಇಲ್ಲ ಕಾಕಾ ಎಂದ. ಮಲಕಪ್ಪನಿಗೆ ಗವಸು ಹಿಡಿಯಲು ಬರುವುದಿಲ್ಲ, ಪ್ರತಿ ಸಲ ಚೆಂಡು ಜಾರಿ ಮರದ ಬುಡಕ್ಕೆ ಹೋಗುತ್ತದೆ. ನಾನಾಗಿದ್ದರೆ ಹಿಡಿಯುತ್ತಿದ್ದೆ. ಆದರೆ ಅವನು ಗವಸು ಬಿಟ್ಟುಕೊಡಲಿಲ್ಲ, ನಾನೂ ಕೇಳಲಿಲ್ಲ. ಆ ಕಡೆ ಹುಡುಗರೆಲ್ಲ ಏನೋ ಕೂಗಿ ಕುಣಿಯುತ್ತಿದ್ದರು. ಇನ್ನು ಸಾಕು, ಮೊದಲನೇ ದಿನ ಜಾಸ್ತಿ ಬೇಡ ಎಂದು ನಾನೇ ನಿಲ್ಲಿಸಿದೆ.

ಸ್ಕೂಟರಿನಲ್ಲಿ ಬರುವಾಗ ಪ್ರಭು ಹಿಂದಿನಿಂದ ನನ್ನ ಭುಜ ಹಿಡಿದು ಕಿವಿಯ ಹತ್ತಿರ ಬಾಗಿದ.

"ಅಪ್ಪಾ, ಇವತ್ತ ದಿಬ್ಬದ ಪಾಳಿ ನಂದಿತ್ತು. ಒಬ್ಬರ ಹಿಂದ ಒಬ್ಬರು, ಮೂರೂ ಮಂದೀನ್ನ ಔಟ್ ಮಾಡಿದೆ. ಒಬ್ಬನ ಬ್ಯಾಟಿಗೂ ಚೆಂಡ ಹತ್ತಲಿಲ್ಲ. ನೀ ನೋಡಿದ್ಯಾ?"

"ನೋಡಿದೆ," ಎಂದೆ.

"ಕಡೇ ಚೆಂಡ?"

"ಅದೂ ನೋಡಿದೆ."

ಹೇಗೆ ಎಸೆದನೋ ಏನೋ. ನಾಳೆ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಪ್ರಲ್ಹಾದ ಸರ್ ಹತ್ತಿರ ಕೇಳಿ ತಿಳಿದುಕೊಳ್ಳಬೇಕು.